ರಾಯಟ್, ಪ್ಯಾರಮೋರ್, ಆಫ್ಟರ್ ಲಾಫ್ಟರ್: ಡೊಂಬಿವಲಿ ಲೋಕಲ್‌ನಲ್ಲಿ ಒಂದು ತಿಂಗಳ ಹೋಲಿಕೆ

ಅಮೆರಿಕದ ರಾಕ್ ತಂಡ ಪ್ಯಾರಮೋರ್‌ನ ಹಳೆಯ ಕೇಳುಗರು ಎಲ್ಲಿ ಸೇರಿದರೂ ಒಂದು ಮಾತು ಬಂದೇ ಬರುತ್ತದೆ. 2017ರ ಮೇ ತಿಂಗಳಲ್ಲಿ ಬಂದ ಆಫ್ಟರ್ ಲಾಫ್ಟರ್ ಆಲ್ಬಮ್ಮಿನೊಂದಿಗೆ ತಂಡ ತನ್ನ ದಾರಿ ಬಿಟ್ಟಿತು, ಬಿರುಸಿನ ಗಿಟಾರುಗಳ ಪಾಪ್-ಪಂಕ್ ಕೇಳಲೆಂದು ಬಂದವರಿಗೆ ಎಂಬತ್ತರ ದಶಕದ, ಸಿಂಥಸೈಜರ್ ಪ್ರಧಾನವಾದ ಸಿಂಥ್ ಪಾಪ್ ಬಡಿಸಿತು ಎಂಬುದು ಆ ಮಾತು. ಪುಣೆಯ ಕೋಥರೂಡ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಈ ಪಕ್ಷದವಳು. 2007ರ ರಾಯಟ್ ಆಲ್ಬಮ್ ಕೇಳಿಯೇ ಗಿಟಾರ್ ಕಲಿಯತೊಡಗಿದವಳು. ನಾನು ಎದುರು ಪಕ್ಷದವನು. ಹಬ್ಬಕ್ಕೆ ಸೇರಿದಾಗಲೆಲ್ಲ ಇದೇ ವಾದ ನಡೆದು, ಕೊನೆಗೆ ಚಿಕ್ಕಮ್ಮ ಬಂದು ಊಟಕ್ಕೆ ಎಬ್ಬಿಸುವುದು ವಾಡಿಕೆಯಾಗಿತ್ತು. ನೆನಪಿನ ಬಲದಲ್ಲಿ ವಾದಿಸುವುದನ್ನು ಬಿಟ್ಟು ಆಲ್ಬಮ್ಮುಗಳನ್ನು ಎದುರುಬದುರು ಇಟ್ಟು ಕೇಳೋಣವೆಂದು ಕಳೆದ ಮಳೆಗಾಲದಲ್ಲಿ ನಾವಿಬ್ಬರೂ ಒಪ್ಪಿಕೊಂಡೆವು. ಎರಡರ ನಡುವೆ ಬಂದ, ತಂಡದ ಹೆಸರನ್ನೇ ಹೊತ್ತ 2013ರ ಆಲ್ಬಮ್ಮನ್ನೂ ಸೇರಿಸಿಕೊಳ್ಳಬೇಕೆಂದು ಹಟ ಹಿಡಿದವನು ನಾನು. ಹಾಗೆ ಮಾಡಿದ್ದು ಒಳ್ಳೆಯದಾಯಿತು, ಏಕೆಂದರೆ ನನ್ನ ತೀರ್ಮಾನವೆಲ್ಲ ನಿಂತಿರುವುದು ಅದರ ಮೇಲೆ.

ಕೇಳಿದ ಬಗೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮುಂಬಯಿ ಬಳಿಯ ಡೊಂಬಿವಲಿಯಿಂದ ದಾದರ್‌ಗೆ ದಿನವೂ ಫಾಸ್ಟ್ ಲೋಕಲ್‌ನಲ್ಲಿ ಹೋಗುವವನು. ಬೆಳಗ್ಗೆ ತಂತಿಯ ಇಯರ್‌ಫೋನ್ ಹಾಕಿಕೊಂಡು ಒಂದು ಆಲ್ಬಮ್ಮನ್ನು ಮೊದಲ ಹಾಡಿನಿಂದ, ಒಂದನ್ನೂ ಹಾರಿಸದೆ ಕೇಳುವುದು. ರಾತ್ರಿ ಊಟವಾದ ಮೇಲೆ ಅದನ್ನೇ ಮನೆಯ ಸ್ಪೀಕರಿನಲ್ಲಿ ಇನ್ನೊಮ್ಮೆ ಕೇಳುವುದು. ಮರುದಿನ ಬೇರೆ ಆಲ್ಬಮ್. ಹೀಗೆ ನಾಲ್ಕು ವಾರ ನಡೆಯಿತು. ಮೊದಲ ವಾರ ಒಂದು ತಪ್ಪು ಮಾಡಿದೆ. ಆ್ಯಪ್‌ನಲ್ಲಿ ಎಲ್ಲ ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ಸೌಲಭ್ಯವನ್ನು ನಾನು ಎಂದೋ ಆಫ್ ಮಾಡಿಟ್ಟಿದ್ದೆ. ಜೋರಾಗಿ ಕೇಳುವುದನ್ನೇ ಕಿವಿ ಹೆಚ್ಚು ಹುರುಪಿನದೆಂದು ನಂಬಿಬಿಡುತ್ತದೆ. ರಾಯಟ್ ಹಾಕಿದಾಗ ನಾನು ಸದ್ದನ್ನು ಇಳಿಸುತ್ತಿದ್ದೇನೆ, ಆಫ್ಟರ್ ಲಾಫ್ಟರ್‌ಗೆ ಏರಿಸುತ್ತಿದ್ದೇನೆ ಎಂಬುದು ಐದನೆಯ ದಿನ ಮುಂಬ್ರಾ ದಾಟುವಾಗ ಗಮನಕ್ಕೆ ಬಂತು. ಆ ವಾರದ ಟಿಪ್ಪಣಿಗಳನ್ನೆಲ್ಲ ಅಳಿಸಿ ಮತ್ತೆ ಆರಂಭಿಸಿದೆ.

ರಾಯಟ್ ಹನ್ನೊಂದು ಹಾಡುಗಳ, ಮೂವತ್ತೆಂಟು ನಿಮಿಷಗಳ ಆಲ್ಬಮ್. ಡೊಂಬಿವಲಿಯಲ್ಲಿ ಶುರು ಮಾಡಿದರೆ ಕುರ್ಲಾದ ಆಸುಪಾಸಿನಲ್ಲಿ ಮುಗಿಯುತ್ತದೆ. ಲೋಕಲ್ ರೈಲಿಗೆ ಇದಕ್ಕಿಂತ ಹೇಳಿ ಮಾಡಿಸಿದ ಸಂಗೀತ ಇನ್ನೊಂದಿಲ್ಲ ಎಂದು ನನ್ನ ಎದುರು ಪಕ್ಷದ ಮುಂದೆ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗಾಲಿಗಳ ಗದ್ದಲ, ಬಾಗಿಲಲ್ಲಿ ನಿಂತವರ ಕೂಗಾಟ, ಪಕ್ಕದವರ ಮೊಬೈಲಿನ ಸುದ್ದಿ ವಾಹಿನಿ, ಇವುಗಳನ್ನೆಲ್ಲ ದಾಟಿಕೊಂಡು ಬರುವ ಶಕ್ತಿ ಆ ಗಿಟಾರುಗಳಿಗಿದೆ. ಡಿಸ್ಟಾರ್ಷನ್, ಅಂದರೆ ನಾದವನ್ನು ಒರಟಾಗಿಸುವ ಗರಗರ, ತುಂಬಿದ ಎರಡು ಗಿಟಾರುಗಳು ಎಡಬಲಗಳಲ್ಲಿ ಗೋಡೆಯಂತೆ ನಿಂತು, ನಡುವೆ ಗಾಯಕಿ ಹೇಲಿ ವಿಲಿಯಮ್ಸ್ ಅವರ ದನಿಗೆ ಮಾತ್ರ ಜಾಗ ಬಿಡುತ್ತವೆ. ಎಲ್ಲರೂ ಬಲ್ಲ ಮಿಸರಿ ಬಿಸಿನೆಸ್ ಹಾಡಿನ ಲಯವನ್ನು ಕಿಟಕಿಯ ಸರಳಿನ ಮೇಲೆ ಬೆರಳಿನಿಂದ ಎಣಿಸಿ ನೋಡಿದೆ: ನಿಮಿಷಕ್ಕೆ ಸುಮಾರು 170 ಬಡಿತ. ಆಫ್ಟರ್ ಲಾಫ್ಟರ್‌ನ ಮೊದಲ ಹಾಡು ಹಾರ್ಡ್ ಟೈಮ್ಸ್‌ನಲ್ಲಿ ಅದು ಸುಮಾರು 120. ಈ ಐವತ್ತು ಬಡಿತಗಳ ಅಂತರವನ್ನೇ ಅನೇಕರು ಕೋಪದ ಅಂತರವೆಂದು ತಿಳಿದಿದ್ದಾರೆ ಎಂಬುದು ನನ್ನ ಗುಮಾನಿ.

ರಾಯಟ್ ಬಂದಾಗ ವಿಲಿಯಮ್ಸ್ ಅವರಿಗೆ ಹದಿನೆಂಟು ವರ್ಷ, ಡ್ರಮ್ ಬಾರಿಸಿದ ಝ್ಯಾಕ್ ಫ್ಯಾರೋ ಅವರಿಗೆ ಹದಿನೇಳು ತುಂಬಿದ್ದಷ್ಟೇ. ಆ ವಯಸ್ಸಿನ ಮೊಂಡುತನ ಹಾಡುಗಳಲ್ಲಿ ಹಾಗೇ ಉಳಿದಿದೆ. ಆಲ್ಬಮ್ಮಿನ ಸೊಬಗೂ ಅದೇ, ಮಿತಿಯೂ ಅದೇ. ಮಿಸರಿ ಬಿಸಿನೆಸ್‌ನಲ್ಲಿ ಇನ್ನೊಬ್ಬ ಹುಡುಗಿಯನ್ನು ಹೀಗಳೆಯುವ ಸಾಲಿನ ಬಗ್ಗೆ ಟೀಕೆಗಳು ಬಂದು, 2018ರಲ್ಲಿ ತಂಡ ಆ ಹಾಡನ್ನು ವೇದಿಕೆಯಿಂದ ಕೆಳಗಿಳಿಸಿತು, 2022ರಲ್ಲಿ ಮತ್ತೆ ಹಾಡತೊಡಗಿತು. ತಂಗಿಗೆ ಈ ವಿಷಯ ಎತ್ತಿದರೆ ಆಗುವುದಿಲ್ಲ. “ಅಣ್ಣಾ, ಹದಿನೆಂಟರಲ್ಲಿ ನೀನು ಏನೇನು ಬರೆದಿದ್ದೆ ಎಂದು ನನ್ನ ಅಮ್ಮನಿಗೆ ತೋರಿಸಲಾ?” ಎಂದು ಕೇಳುತ್ತಾಳೆ. ಆಕೆಯ ಬಳಿ ಆ ನೋಟ್‌ಬುಕ್ ನಿಜಕ್ಕೂ ಇದೆ. ಅದು ಇರಲಿ. ರಾಯಟ್‌ನ ಕೊರತೆಯೆಂದು ನನಗೆ ಕಂಡದ್ದು ಬೇರೆಯೇ: ರಾತ್ರಿ ಮನೆಯ ಸ್ಪೀಕರಿನಲ್ಲಿ ಕೇಳಿದಾಗ, ರೈಲಿನಲ್ಲಿ ವರವಾಗಿದ್ದ ಆ ಗೋಡೆ ಅಡ್ಡವಾಗುತ್ತದೆ. ಐದಾರು ಹಾಡುಗಳಾಗುವಷ್ಟರಲ್ಲಿ ಎಲ್ಲವೂ ಒಂದೇ ಎತ್ತರದಲ್ಲಿದೆ ಎನ್ನಿಸಿ ಕಿವಿ ದಣಿಯುತ್ತದೆ.

2013ರ ಆಲ್ಬಮ್ಮಿಗೆ ಬರೋಣ. ಹದಿನೇಳು ಹಾಡುಗಳು, ಒಂದು ಗಂಟೆಗೂ ಮೀರಿದ ಅವಧಿ. ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ, ಕಚೇರಿಯ ಲಿಫ್ಟಿಗೆ ಕಾಯುವಾಗಲೂ ಅದು ನಡೆದೇ ಇರುತ್ತಿತ್ತು. 2010ರ ಡಿಸೆಂಬರಿನಲ್ಲಿ ಫ್ಯಾರೋ ಸಹೋದರರು, ಜೋಶ್ ಮತ್ತು ಝ್ಯಾಕ್, ತಂಡ ಬಿಟ್ಟಿದ್ದರು. ರಾಯಟ್‌ನ ಹೆಚ್ಚಿನ ಹಾಡುಗಳನ್ನು ವಿಲಿಯಮ್ಸ್ ಅವರೊಡನೆ ಬರೆದವರು ಜೋಶ್. ಉಳಿದವರು ವಿಲಿಯಮ್ಸ್, ಗಿಟಾರ್ ವಾದಕ ಟೇಲರ್ ಯಾರ್ಕ್ ಮತ್ತು ಬೇಸ್ ಗಿಟಾರ್ ನುಡಿಸುತ್ತಿದ್ದ ಜೆರೆಮಿ ಡೇವಿಸ್ ಮಾತ್ರ; ಡ್ರಮ್ಮಿಗೆ ಹೊರಗಿನಿಂದ ಇಲಾನ್ ರೂಬಿನ್ ಅವರನ್ನು ಕರೆಸಬೇಕಾಯಿತು. ಈ ಇಕ್ಕಟ್ಟು ಆಲ್ಬಮ್ಮಿನ ಉದ್ದಕ್ಕೂ ಕೇಳುತ್ತದೆ. ಒಂದು ಕಡೆ ಪಾರ್ಟ್ ಟು ಎಂಬ ಹಾಡು ರಾಯಟ್‌ನ ಲೆಟ್ ದ ಫ್ಲೇಮ್ಸ್ ಬಿಗಿನ್‌ನ ಮುಂದುವರಿಕೆಯಾಗಿ ಹಳೆಯ ಮನೆಯ ಬಾಗಿಲು ತಟ್ಟುತ್ತದೆ; ಇನ್ನೊಂದು ಕಡೆ ಏಂಟ್ ಇಟ್ ಫನ್ ಚರ್ಚ್ ಶೈಲಿಯಲ್ಲಿ ಹಾಡುವ ಗಾಸ್ಪೆಲ್ ವೃಂದದವರನ್ನು ಕರೆತಂದು ಫಂಕ್ ಲಯದಲ್ಲಿ ಕುಣಿಯುತ್ತದೆ, ಅದಕ್ಕೆ 2015ರಲ್ಲಿ ಅತ್ಯುತ್ತಮ ರಾಕ್ ಹಾಡಿನ ಗ್ರ್ಯಾಮಿಯೂ ಬಂತು. ನಡುನಡುವೆ ಪುಟ್ಟ ಗಿಟಾರಿನಂತಹ ಯುಕುಲೆಲಿ ಹಿಡಿದು ಹಾಡಿದ ಮೂರು ಪುಟ್ಟ ತುಣುಕುಗಳಿವೆ. ಒಂದು ಆಲ್ಬಮ್ಮಿನಲ್ಲಿ ಮೂರು ಆಲ್ಬಮ್ಮುಗಳು ಬಾಡಿಗೆಗಿದ್ದಂತೆ ನನಗನ್ನಿಸಿತು. ನಾಲ್ಕು ವಾರಗಳಲ್ಲಿ ನಾನು ಹಾಡು ಹಾರಿಸಬೇಕೆಂದು ಚಡಪಡಿಸಿದ್ದು ಇಲ್ಲಿ ಮಾತ್ರ.

ಆದರೆ ತಂಡದ ದಾರಿ ತಿರುಗಿದ್ದು ಇಲ್ಲಿಯೇ. ಆಫ್ಟರ್ ಲಾಫ್ಟರ್‌ನ ಮೇಲೆ ಹೊರಿಸುವ ಆರೋಪಗಳನ್ನು, ಅಂದರೆ ಡಿಸ್ಟಾರ್ಷನ್ ಕಡಿಮೆಯಾಯಿತು, ಕುಣಿತದ ಲಯ ಬಂತು, ರೇಡಿಯೊಗೆ ಒಗ್ಗುವಂತಾಯಿತು ಎಂಬುದನ್ನೆಲ್ಲ, ಒಂದೊಂದಾಗಿ ಪಟ್ಟಿ ಮಾಡಿ ನೋಡಿದರೆ ಬಹುಪಾಲು ನಾಲ್ಕು ವರ್ಷ ಮೊದಲೇ ನಡೆದುಹೋಗಿತ್ತು. ಎರಡೂ ಆಲ್ಬಮ್ಮುಗಳ ನಿರ್ಮಾಣದಲ್ಲಿ ಜಸ್ಟಿನ್ ಮೆಲ್ಡಲ್-ಜಾನ್ಸನ್ ಇದ್ದಾರೆ. 2013ರ ಆಲ್ಬಮ್ಮಿನಲ್ಲಿ ಹಳಬರಿಗೆ ನಾಲ್ಕು ತುತ್ತು ಬೇರೆಯಾಗಿ ತೆಗೆದಿಟ್ಟಿದ್ದರಿಂದ ಯಾರೂ ದೂರಲಿಲ್ಲ. 2017ರಲ್ಲಿ ಆ ತುತ್ತು ಇಲ್ಲದಾದಾಗ ಬದಲಾವಣೆ ಕಣ್ಣಿಗೆ ಬಿತ್ತು. ಯಕ್ಷಗಾನ ಬೆಳಗಿನವರೆಗೆ ನಡೆಯುವುದು ಬಿಟ್ಟು ಕಾಲಮಿತಿಗೆ ಇಳಿದಾಗ ನಮ್ಮ ದೊಡ್ಡಪ್ಪ ಮುಂಬಯಿಯ ಆಟಗಳಿಗೆ ಹೋಗಿ ಬಂದು “ಚೆನ್ನಾಗಿತ್ತು, ಆದರೆ ಆಟವಲ್ಲ” ಎನ್ನುತ್ತಿದ್ದರು. ಅವರೂ ಹತ್ತು ವರ್ಷ ತಡವಾಗಿ ಹಾಗೆನ್ನತೊಡಗಿದವರು.

ಇನ್ನು ಆಫ್ಟರ್ ಲಾಫ್ಟರ್. ಹನ್ನೆರಡು ಹಾಡು, ನಲವತ್ತೆರಡು ನಿಮಿಷ. ಇದನ್ನು ಮೆಚ್ಚುವವರು ಸಾಮಾನ್ಯವಾಗಿ “ತಂಡ ಪ್ರಬುದ್ಧವಾಯಿತು” ಎನ್ನುತ್ತಾರೆ. ಆ ಮಾತು ನನಗೆ ಹಿಡಿಸದು, ಏಕೆಂದರೆ ಅದು ರಾಯಟ್ ಕೇಳುವವರನ್ನು ಎಳಸು ಎನ್ನುವ ಇನ್ನೊಂದು ವಿಧಾನ ಅಷ್ಟೆ. ನನಗೆ ಕೇಳಿಸಿದ್ದನ್ನು ಹೇಳುತ್ತೇನೆ. ವಾದ್ಯಗಳು ಹಗುರವಾದಷ್ಟೂ ಮಾತುಗಳು ಭಾರವಾಗಿವೆ. ಈ ಹಾಡುಗಳ ಕಾಲದಲ್ಲಿ ತಾನು ಖಿನ್ನತೆಯಲ್ಲಿದ್ದೆ ಎಂದು ವಿಲಿಯಮ್ಸ್ ಬಹಿರಂಗವಾಗಿ ಹೇಳಿದ್ದಾರೆ. ನಗು ನಿಂತ ಮರುಗಳಿಗೆ ಜನರ ಮುಖದ ಮೇಲೆ ಉಳಿಯುವ ಭಾವವೇ ಆಲ್ಬಮ್ಮಿನ ಹೆಸರಿಗೆ ಮೂಲ. ಹಾರ್ಡ್ ಟೈಮ್ಸ್ ಮರಿಂಬಾದಂತಹ ಟಣಟಣ ಸದ್ದಿನಿಂದ ಮಕ್ಕಳ ಹಾಡಿನಂತೆ ತೆರೆದುಕೊಳ್ಳುತ್ತದೆ, ಒಳಗಿರುವುದು ಬೆಳಗ್ಗೆ ಹಾಸಿಗೆ ಬಿಟ್ಟೇಳಲಾಗದವರ ಸಂಕಟ. ರಾಯಟ್‌ನಲ್ಲಿ ಸಿಟ್ಟು ಬಂದರೆ ಗಿಟಾರಿಗೂ ಸಿಟ್ಟು ಬರುತ್ತದೆ. ಇಲ್ಲಿ ವಾದ್ಯವೊಂದು ದಾರಿ, ಮಾತೊಂದು ದಾರಿ. ಕೇಳುಗ ನಡುವೆ ಸಿಕ್ಕಿಕೊಳ್ಳುತ್ತಾನೆ. ಮೊದಲ ಎರಡು ಸಲ ನಾನು ಕಾಲು ಕುಣಿಸುತ್ತ ಕೇಳಿದೆ, ಮೂರನೆಯ ಸಲ ಕುಣಿಸಲಾಗಲಿಲ್ಲ.

ಹಳೆಯ ತಂಡ ಸತ್ತಿತು ಎನ್ನುವವರು ಇನ್ನೊಂದನ್ನು ಮರೆಯುತ್ತಾರೆ. 2017ರಲ್ಲಿ ಝ್ಯಾಕ್ ಫ್ಯಾರೋ ಮರಳಿ ಬಂದರು. ಡ್ರಮ್ಮಿನ ಮುಂದೆ ರಾಯಟ್‌ನ ಕೈಗಳು ಇರುವುದು ಆಫ್ಟರ್ ಲಾಫ್ಟರ್‌ನಲ್ಲಿ, 2013ರಲ್ಲಿ ಇಲ್ಲ. ಟೇಲರ್ ಯಾರ್ಕ್ ಕೂಡ ಎಲ್ಲಿಂದಲೋ ಬಂದವರಲ್ಲ, ರಾಯಟ್‌ನಲ್ಲೇ ದ್ಯಾಟ್ಸ್ ವಾಟ್ ಯೂ ಗೆಟ್ ಹಾಡಿನ ಸಹಲೇಖಕರು.

ಮೂರನೆಯ ವಾರಾಂತ್ಯ ಪುಣೆಗೆ ಹೋದಾಗ ತಂಗಿ ಗಿಟಾರ್ ಕೈಗೆತ್ತಿಕೊಂಡಳು. ಮಿಸರಿ ಬಿಸಿನೆಸ್ ಆಕೆಗೆ ನೀರು ಕುಡಿದಷ್ಟು ಸುಲಭ: ಎರಡು ಮೂರು ಬೆರಳಿನಲ್ಲಿ ಹಿಡಿಯುವ ಪವರ್ ಕಾರ್ಡ್ ಎಂಬ ಸರಳ ಸ್ವರಗುಚ್ಛಗಳು, ಗಿಟಾರಿನ ಬ್ರಿಜ್‌ನ, ಅಂದರೆ ತಂತಿಗಳು ಕೂರುವ ಪಟ್ಟಿಯ, ಬಳಿ ತಂತಿಗಳ ಮೇಲೆ ಅಂಗೈ ಒತ್ತಿಟ್ಟು ಬಾರಿಸುವ ಬಿಗಿ ಹೊಡೆತಗಳು. ಹಾರ್ಡ್ ಟೈಮ್ಸ್‌ಗೆ ಬಂದಾಗ ಆಂಪ್ಲಿಫೈಯರಿನಲ್ಲಿ ಡಿಸ್ಟಾರ್ಷನ್ ಹೆಚ್ಚುಕಡಿಮೆ ಮಾಡುವ ಗೇನ್ ಗುಂಡಿಯನ್ನು ಪೂರ್ತಿ ಇಳಿಸಬೇಕಾಯಿತು, ಇಳಿಸಿದ ಕೂಡಲೇ ಆಕೆಯ ತಪ್ಪುಗಳೆಲ್ಲ ಹೊರಬಿದ್ದವು. ಡಿಸ್ಟಾರ್ಷನ್ ಇದ್ದಾಗ ಅರೆಬರೆ ಒತ್ತಿದ ಬೆರಳೂ ಮುಚ್ಚಿಹೋಗುತ್ತದೆ; ಶುಭ್ರವಾದ ನಾದದಲ್ಲಿ ಎಡಗೈ ಅರೆಕ್ಷಣ ಸಡಿಲಿಸಿ ತಂತಿಯನ್ನು ಮೂಕವಾಗಿಸಬೇಕು, ಬಲಗೈ ಮಾತ್ರ ನಿಲ್ಲದೆ ಹದಿನಾರರ ಎಣಿಕೆಯಲ್ಲಿ ಆಡುತ್ತಿರಬೇಕು. ಅರ್ಧ ಗಂಟೆ ಒದ್ದಾಡಿದ ಮೇಲೆ ಆಕೆ ಮಣಿಕಟ್ಟು ಕೊಡವಿಕೊಂಡು, “ಇದು ಸುಲಭದ್ದಲ್ಲ, ಒಪ್ಪಿದೆ. ಆದರೆ ಕಷ್ಟದ್ದೆಲ್ಲ ಒಳ್ಳೆಯದೆಂದು ಎಲ್ಲಿ ಬರೆದಿದೆ?” ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಆಫ್ಟರ್ ಲಾಫ್ಟರ್‌ನ ದೋಷಗಳನ್ನೂ ಮುಚ್ಚಿಡಬಾರದು. ರೈಲಿನಲ್ಲಿ ಇದು ಅರ್ಧ ಸೋಲುತ್ತದೆ. ಬೇಸ್ ಗಿಟಾರಿನ ಸಣ್ಣ ಓಡಾಟಗಳು, ಹಿನ್ನೆಲೆಯ ಸಿಂಥ್ ತೆರೆಗಳು ಗಾಲಿಗಳ ಸದ್ದಿನಲ್ಲಿ ಮುಳುಗಿಹೋಗುತ್ತವೆ. ಕಡೆಯಿಂದ ಎರಡನೆಯದಾದ ನೋ ಫ್ರೆಂಡ್‌ನಲ್ಲಿ ಅತಿಥಿ ಗಾಯಕ ಆ್ಯರನ್ ವೈಸ್ ಅವರ ಮಾತುಗಳನ್ನು ವಾದ್ಯಗಳ ಅಡಿಯಲ್ಲಿ ಹೂತಿಟ್ಟಿದ್ದಾರೆ. ಅದು ಬೇಕೆಂದೇ ಮಾಡಿದ್ದೆಂದು ಗೊತ್ತಿದ್ದರೂ ಲೋಕಲ್‌ನಲ್ಲಿ ಕೇಳಿದಾಗ ಇಯರ್‌ಫೋನಿನ ತಂತಿ ಕಿತ್ತುಹೋಯಿತೇ ಎಂದು ನಾನು ಎರಡು ಸಲ ಅಲ್ಲಾಡಿಸಿ ನೋಡಿದ್ದೇನೆ. ಹಳಬರ ಒಂದು ದೂರಂತೂ ಪೂರ್ತಿ ನ್ಯಾಯವಾದದ್ದು: ರಾಯಟ್‌ನಲ್ಲಿ ಎದೆಯಿಂದೆದ್ದು ಮೇಲಿನ ಸ್ಥಾಯಿಗೆ ಚಿಮ್ಮುತ್ತಿದ್ದ ಆ ಕಂಠವನ್ನು ಇಲ್ಲಿ ಬಹಳ ಮಟ್ಟಿಗೆ ಹಿಡಿತದಲ್ಲಿ ಇಟ್ಟಿದ್ದಾರೆ. ಕೊನೆಯ ಟೆಲ್ ಮಿ ಹೌನಲ್ಲಿ ಪಿಯಾನೊದ ಪಕ್ಕ ಆ ಕಂಠ ಮೆತ್ತಗೆ ನಿಂತಾಗ ಬೇರೆಯದೇ ಸುಖ ಸಿಗುತ್ತದೆ, ಆದರೆ ಅದು ಹಳೆಯದಕ್ಕೆ ಬದಲಿಯಲ್ಲ.

ನಾಲ್ಕು ವಾರಗಳ ಲೆಕ್ಕದಲ್ಲಿ ನನ್ನ ಆಯ್ಕೆ ಆಫ್ಟರ್ ಲಾಫ್ಟರ್. ಅದರಲ್ಲಿ ಒಂದು ಹಾಡನ್ನು ತೆಗೆದರೂ ಜಾಗ ಖಾಲಿ ಕಾಣುತ್ತದೆ. ತಂಗಿಯ ಆಯ್ಕೆ ರಾಯಟ್ ಆಗಿಯೇ ಉಳಿಯಿತು, ಆದರೆ ತಂಡ ಬದಲಾದ ವರ್ಷವನ್ನು ಆಕೆ ಈಗ 2013 ಎಂದೇ ಹೇಳುತ್ತಾಳೆ. ಬೆಳಗಿನ ರೈಲಿಗೆ ನಾನೂ ರಾಯಟ್ ಹಾಕಿಕೊಳ್ಳುವುದನ್ನು ಬಿಟ್ಟಿಲ್ಲ. ಆಫ್ಟರ್ ಲಾಫ್ಟರ್ ಇರುವುದು ರಾತ್ರಿ ಪಾತ್ರೆ ತೊಳೆದಾದ ಮೇಲೆ, ಅಡುಗೆಮನೆಯ ದೀಪ ಆರಿಸಿ, ಹಾಲ್‌ನ ಸ್ಪೀಕರಿನಲ್ಲಿ ಮೆಲ್ಲಗೆ.