ಗೊಂಬೆಮನೆಯ ಗಾಥಿಕ್ ಮೆಟ್ಟಿಲು: ಲೇಸರ್ ಕಟಿಂಗಾ, ಲಗ್ನಪತ್ರಿಕೆಯಾ, ಲೇಸಾ?

ಗೊಂಬೆಮನೆಗೆ ಮೆಟ್ಟಿಲು ಮಾಡುವುದು ಕಷ್ಟವಲ್ಲ. ಫೋಮ್ ಬೋರ್ಡ್ ಕೊಯ್ದು ಒಂದರ ಮೇಲೊಂದು ಅಂಟಿಸಿದರೆ ಆಯಿತು. ಆದರೆ ಅದು ಗಾಥಿಕ್, ಅಂದರೆ ಯುರೋಪಿನ ಹಳೆ ಚರ್ಚುಗಳ ಚೂಪು ಕಮಾನಿನ ಶೈಲಿ, ಅನ್ನಿಸಬೇಕು ಅಂದರೆ ಇಡೀ ಭಾರ ರೇಲಿಂಗ್ ಮೇಲೆ ಬೀಳುತ್ತದೆ. ದಸರಾಗೆ ಗೊಂಬೆ ಕೂರಿಸುವಾಗ ಪಕ್ಕದಲ್ಲಿಡೋಕೆ ಅಂತ ಒಂದು ಮನೆ ಮಾಡಿದೆ. ಅಳತೆ ಒಂದಕ್ಕೆ ಹನ್ನೆರಡು, ಅಂದರೆ ನಿಜದ ಒಂದು ಅಡಿ ಇಲ್ಲಿ ಒಂದು ಇಂಚು. ಅದಕ್ಕೆ ಒಂದೇ ನಮೂನೆಯ ರೇಲಿಂಗನ್ನು ಮೂರು ಥರ ಮಾಡಿ ನೋಡಿದೆ: ಲೇಸರ್‌ನಲ್ಲಿ ಕತ್ತರಿಸಿದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಹಳೆ ಲಗ್ನಪತ್ರಿಕೆ, ಫೆವಿಕಾಲ್‌ನಲ್ಲಿ ಅದ್ದಿದ, ಬಟ್ಟೆ ಅಂಚಿಗೆ ಹೊಲಿಯುವ ಲೇಸು.

ಮೈಸೂರಿನವರಿಗೆ ನಮೂನೆ ಹುಡುಕೋಕೆ ದೂರ ಹೋಗಬೇಕಿಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಸೇಂಟ್ ಫಿಲೋಮಿನಾ ಚರ್ಚ್ ಇದೆಯಲ್ಲ. ಎಲ್ಲರೂ ಅಲ್ಲಿ 175 ಅಡಿಯ ಜೋಡಿ ಗೋಪುರ ನೋಡುತ್ತಾರೆ (ನನ್ನ ಅಳತೆಗೆ ಇಳಿಸಿದರೂ ಹದಿನಾಲ್ಕೂವರೆ ಅಡಿ ಬರುತ್ತದೆ, ಬೇಡಪ್ಪ). ನಮಗೆ ಬೇಕಾದದ್ದು ಕೆಳಗಿನ ಚೂಪು ಕಮಾನುಗಳು. ಗಾಥಿಕ್ ಕಮಾನು ಅಂದರೆ ಬರೀ ಚೂಪು ತುದಿ ಅಲ್ಲ. ಅದರ ಅಂಚು ಒಳಕ್ಕೆ ಹಂತಹಂತವಾಗಿ ಸರಿಯಬೇಕು. ಆಗಲೇ ನೆರಳು ಬೀಳೋದು. ಮೂರನ್ನೂ ನಾನು ಅಳೆದದ್ದು ಈ ನೆರಳಿನಿಂದಲೇ.

ಮೊದಲು ಲೇಸರ್. ಮೂರು ಮಿಲಿಮೀಟರ್ ಎಂಡಿಎಫ್, ಗೆರೆ ತಪ್ಪದ ಕಟಿಂಗ್, ಕಂಬಿಗಳೆಲ್ಲ ಒಂದೇ ದಪ್ಪ. ಕೈಯಲ್ಲಿ ಹಿಡಿದರೆ ಖುಷಿ ಆಗುತ್ತದೆ. ಮೆಟ್ಟಿಲಿಗೆ ನಿಲ್ಲಿಸಿದರೆ ಚಪ್ಪಟೆ. ಎಲ್ಲಾ ಒಂದೇ ಮಟ್ಟದಲ್ಲಿದೆ, ಲೈಟ್ ಹಾಕಿದರೂ ನೆರಳಿಗೆ ಜಾಗವೇ ಇಲ್ಲ. ಜೊತೆಗೆ ಸುಟ್ಟ ಅಂಚಿನ ಕಂದು, ತೆಳು ಬೂದು ಬಣ್ಣದಡಿಯಿಂದ ಇಣುಕುತ್ತದೆ. ಪ್ರೈಮರ್ ಹೊಡೆಯದೆ ಕಲ್ಲಿನ ಬಣ್ಣ ಕೂರುವುದಿಲ್ಲ. ಮರದ ಮೆಟ್ಟಿಲು ಮಾಡುವವರಿಗೆ ಅದೇ ಕಂದು ಲಾಭ, ವಾರ್ನಿಷ್ ಹೊಡೆದರೆ ಸಾಕು. ತೆಳು ಹಾಳೆಯನ್ನೇ ಲೇಸರ್‌ಗೆ ಕೊಟ್ಟು ಪದರ ಮಾಡಿಸಬಹುದು, ನಿಜ. ಆದರೆ ಮೆಟ್ಟಿಲಿನ ಇಳಿಜಾರು ಸ್ವಲ್ಪ ಬದಲಾದರೂ ಮತ್ತೆ ಡ್ರಾಯಿಂಗ್, ಮತ್ತೆ ಕಾಸು.

ಲಗ್ನಪತ್ರಿಕೆ ಯಾರ ಮನೆಯಲ್ಲಿಲ್ಲ ಹೇಳಿ? ದಪ್ಪ ಕಾರ್ಡು, ಬ್ಲೇಡಿಗೆ ಚೆನ್ನಾಗಿ ಬಗ್ಗುತ್ತದೆ. (ಗಣಪತಿ ಇರುವ ಭಾಗಕ್ಕೆ ಬ್ಲೇಡ್ ಇಡಬೇಡ ಅಂತ ಅತ್ತೆ ಮೊದಲೇ ಹೇಳಿದ್ದರು. ಅದನ್ನು ಬೇರೆ ತೆಗೆದಿಟ್ಟೆ.) ಕಮಾನು ಬರೆಯೋಕೆ ಕೈವಾರ ಸಾಕು. ತಳದ ಅಗಲ ಎಷ್ಟೋ ಅಷ್ಟೇ ಬಿಚ್ಚಿ, ಎಡತುದಿಗೆ ಮುಳ್ಳಿಟ್ಟು ಬಲದಿಂದ ಮೇಲಕ್ಕೊಂದು ಗೀರು, ಬಲತುದಿಗಿಟ್ಟು ಎಡದಿಂದೊಂದು. ಎರಡೂ ಸೇರುವಲ್ಲಿ ಚೂಪು ತುದಿ. ಮೇಲಿನ ಪಟ್ಟಿಯಲ್ಲಿ ನಾಲ್ಕೆಸಳಿನ ಹೂವು ಬೇಕಲ್ವಾ? ಆಫೀಸಿನ ಒಂಟಿ ತೂತಿನ ಪಂಚಿಂಗ್ ಮಷೀನ್‌ನಲ್ಲಿ ನಾಲ್ಕು ತೂತು ಒಂದರೊಳಗೊಂದು ಸ್ವಲ್ಪ ಸೇರುವಂತೆ ಒತ್ತಿ, ಅಷ್ಟೇ. ಮಷೀನ್ ಒಳಗಿನವರೆಗೆ ಹೋಗುವುದಿಲ್ಲ, ಅದಕ್ಕೆ ಹೂವು ಅಂಚಿನ ಹತ್ತಿರವೇ ಇರಲಿ.

ಮುಖ್ಯ ವಿಷಯ ಪದರದ್ದು. ನಡುವಿನ ಪದರದಲ್ಲಿ ಕಿಂಡಿ ಚಿಕ್ಕದು. ಅದರ ಎರಡೂ ಬದಿಗೆ ಅಂಟಿಸುವ ಪದರಗಳಲ್ಲಿ ಕಿಂಡಿ ಸುತ್ತಲೂ ಒಂದು ಮಿಲಿಮೀಟರ್ ದೊಡ್ಡದು. ಹೂವು ನಡುವಿನದರಲ್ಲಿ ಮಾತ್ರ, ಹೊರಗಿನವುಗಳಲ್ಲಿ ಅದರ ಸುತ್ತ ಬರೀ ದುಂಡು ಕಿಂಡಿ. ಒಣಗಿದ ಮೇಲೆ ಟಾರ್ಚ್ ಹಿಡಿದು ನೋಡಿ, ಪ್ರತಿ ಅಂಚಿನಲ್ಲೂ ಕೂದಲೆಳೆಯಷ್ಟು ನೆರಳು. ದುಡ್ಡು ಕೊಟ್ಟ ಲೇಸರ್‌ನಲ್ಲಿ ಇದು ಬರಲಿಲ್ಲ. ಬೆರಳು ನೋಯುತ್ತದೆ, ಬ್ಲೇಡು ಬೇಗ ಮೊಂಡಾಗುತ್ತದೆ. ಆದರೂ ಕಲ್ಲಿನ ಮೆಟ್ಟಿಲಿಗೆ ನನ್ನ ಓಟು ಇದಕ್ಕೇ.

ಲೇಸಿನದು ಬೇಗ ಮುಗಿಸುತ್ತೇನೆ. ನೆಟ್ಟಗೆ ಇರುವ ಜಾಗದಲ್ಲಿ ಪರವಾಗಿಲ್ಲ. ಇಳಿಜಾರಿಗೆ ಅಂಟಿಸಿದರೆ ಡಿಸೈನೂ ಅದರ ಜೊತೆಗೇ ವಾಲುತ್ತದೆ. ನಿಜವಾದ ರೇಲಿಂಗ್‌ನಲ್ಲಿ ತಳ ಇಳಿಜಾರಿದ್ದರೂ ಕಂಬಿ, ಕಮಾನು ನೆಟ್ಟಗೆ ನಿಂತಿರುತ್ತವೆ. ಅಲ್ಲಿಗೆ ಲೇಸು ಔಟ್.

ಬಣ್ಣದ ವಿಷಯದಲ್ಲಿ ಒಂದೇ ಮಾತು: ಸ್ಪ್ರೇ ಕ್ಯಾನ್ ಬೇಡ. ಫೋಮ್ ಬೋರ್ಡಿನ ಒಳಗಿರುವುದು ಥರ್ಮಾಕೋಲ್ ಜಾತಿಯದೇ, ಸ್ಪ್ರೇಯಲ್ಲಿರುವ ಸಾಲ್ವೆಂಟ್ ಅದನ್ನು ತಿಂದುಹಾಕುತ್ತದೆ. ಅಕ್ರಿಲಿಕ್‌ನಲ್ಲಿ ಮೊದಲು ಕಡು ಬೂದು, ಆಮೇಲೆ ಬ್ರಷ್ಷನ್ನು ಬಟ್ಟೆಗೆ ಒರೆಸಿ ಹೆಚ್ಚುಕಡಿಮೆ ಒಣಗಿಸಿ ತಿಳಿ ಬೂದು ಸವರಿ.

ಮೆಟ್ಟಿಲ ಮೇಲೆ ಕೆಂಪು ಕಾರ್ಪೆಟ್ ಹಾಸುವ ಆಸೆ ಇದ್ದರೆ ವೆಲ್ವೆಟ್ ಬೇಡ. ಒಂದು ಮಿಲಿಮೀಟರ್ ಜುಂಗು ಈ ಅಳತೆಯಲ್ಲಿ ಹನ್ನೆರಡು ಮಿಲಿಮೀಟರಿನ ಹುಲ್ಲು. ಹಳೆ ಮೈಸೂರು ಸಿಲ್ಕ್ ಸೀರೆಯ ತುಂಡು ಮೆಟ್ಟಿಲ ಮೂಲೆಯಲ್ಲಿ ಚೆನ್ನಾಗಿ ಮಡಿಯುತ್ತದೆ, ಜರಿ ಅಂಚು ಪುಕ್ಕಟೆ. ಗೋಂದು ಹಚ್ಚಿದರೆ ಕಲೆ ಮೇಲಕ್ಕೆ ಬರುತ್ತದೆ, ಡಬಲ್ ಸೈಡ್ ಟೇಪ್ ಹಾಕಿ. ಸೀರೆ ಯಾರದ್ದು ಅಂತ ಕತ್ತರಿಸುವ ಮೊದಲೇ ಕೇಳಿಕೊಂಡುಬಿಡಿ.