ಕೆಳಗಿನ ಕೋಣೆಗೆ ವಾಟರ್‌ಪ್ರೂಫಿಂಗ್ ಮಾಡಿಸೋ ಮುಂಚೆ ಇದನ್ನು ಓದಿ

50,000 ರೂಪಾಯಿ ಹೋಯಿತು. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ, ಆದರೂ ಬರೆಯುತ್ತಿದ್ದೇನೆ, ಯಾಕಂದ್ರೆ ವಾಟರ್‌ಪ್ರೂಫಿಂಗ್ ಮಾಡಿದ ಅದೇ ಆಸಾಮಿ ಈಗ ತೀರ್ಥಹಳ್ಳಿ ಕಡೆ ಹಳೇ ಮನೆಗಳನ್ನೇ ಹುಡುಕಿಕೊಂಡು ತಿರುಗುತ್ತಿದ್ದಾನೆ.

ನಮ್ಮದು ಅಜ್ಜನ ಕಾಲದ ಜಂಬಿಟ್ಟಿಗೆ ಮನೆ. ಇಳಿಜಾರಿನಲ್ಲಿ ಕಟ್ಟಿದ್ದು. ಕೆಳಗೊಂದು ಕೋಣೆ, ಅದರ ಹಿಂದಿನ ಗೋಡೆ ಪೂರ್ತಿ ಧರೆಗೆ, ಅಂದ್ರೆ ಇಳಿಜಾರಿನ ಮಣ್ಣಿನ ದಿಬ್ಬಕ್ಕೆ, ಒತ್ತಿಕೊಂಡಿದೆ. ಆರಿದ್ರಾ ಮಳೆ ಹಿಡಿದರೆ ಗೋಡೆ ಬೆವರುತ್ತೆ, ಪುನರ್ವಸು ಹೊತ್ತಿಗೆ ನೆಲದಲ್ಲಿ ಜಲ ಏಳುತ್ತೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಮಾರ್ಚ್‌ನಲ್ಲಿ ಅವನು ಬಂದ. ಮಾರ್ಚ್! ಗೋಡೆ ಒಣಗಿ ಸುಣ್ಣ ಉದುರುತ್ತಿತ್ತು. ಚದರಡಿಗೆ 85 ರೂಪಾಯಿ, 600 ಚದರಡಿ, ಒಂದು ಸಾವಿರ ಬಿಟ್ಟ. ಹಳೇ ಗಾರೆ ಕೆತ್ತಿ, ಸಿಮೆಂಟ್ ಬಳಿದು, ಮೇಲೆ ಎರಡು ಕೋಟ್ ಬಿಳಿ ಕೆಮಿಕಲ್. ಕೊನೆಗೆ ಒಂದು ಬಕೆಟ್ ನೀರು ಎರಚಿ ವಿಡಿಯೋ ಮಾಡಿದ. ಕೆಸುವಿನ ಎಲೆ ಮೇಲೆ ಹಾಕಿದ ಹಾಗೆ ನೀರು ಜಾರಿ ಹೋಯಿತು. "ನೋಡಿ ಸಾರ್, ಹತ್ತು ವರ್ಷ ಯೋಚನೆ ಬೇಡ." ನಾನು ಪಕ್ಕದಲ್ಲಿ ಹಲ್ಲು ಕಿರಿದುಕೊಂಡು ನಿಂತಿದ್ದೆ. ಪೂರ್ತಿ ದುಡ್ಡು ಕೊಟ್ಟೆ. ಪೂರ್ತಿ!

ನೀರು ಬರೋದು ಆಚೆ ಕಡೆಯಿಂದ ಅಲ್ವಾ? ಧರೆ ನೀರು ಕುಡಿದು ಗೋಡೆಯನ್ನು ಹಿಂದಿನಿಂದ ಒತ್ತುತ್ತೆ. ಒಳಗಡೆಯಿಂದ ಬಕೆಟ್ ಎರಚಿದರೆ ಏನು ಗೊತ್ತಾಗುತ್ತೆ? ವರ್ಷಾ ವರ್ಷಾ ಅಡಿಕೆ ತೋಟದ ಬಸಿಗಾಲುವೆ ತೆಗೆಸುವ ನನಗೆ ಅವತ್ತು ಇದು ಹೊಳೆಯಲಿಲ್ಲ. ಅಮ್ಮ ಹೇಳಿದ್ದಳು, "ಅದೇ ದುಡ್ಡಲ್ಲಿ ಮನೆ ಹಿಂದೆ ಕಾಲುವೆ ತೆಗ್ಸೋ ಮಾರಾಯ" ಅಂತ.

ಜುಲೈ ಎರಡನೇ ವಾರ ಗೋಡೆ ಮೇಲೆ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ಉಗುರಿನಿಂದ ಒತ್ತಿದೆ. ಪಿಚಕ್ ಅಂತ ನೀರು ಮುಖಕ್ಕೇ ಹಾರಿತು. ಬಣ್ಣದ ಹಿಂದೆ ನೀರು ತುಂಬಿಕೊಂಡು ಕೂತಿತ್ತು! ಮೊದಲು ಮೊಣಕಾಲ ಮಟ್ಟಕ್ಕಿದ್ದ ತೇವ ಈಗ ಸೊಂಟದವರೆಗೆ. ಸುಣ್ಣದ ಗಾರೆ ಇದ್ದಾಗ ಅಷ್ಟೋ ಇಷ್ಟೋ ಆರುತ್ತಿತ್ತು, ಸಿಮೆಂಟ್ ಆ ದಾರಿಯನ್ನೂ ಮುಚ್ಚಿತು, ತೇವ ಮೇಲಕ್ಕೆ ಹತ್ತಿತು. ಎರಡು ಚೀಲ ಅಡಿಕೆಗೆ ಬೂಸ್ಟು ಬಂತು, ಅದರ ಲೆಕ್ಕ ಬೇರೆ.

ಫೋನ್ ಮಾಡಿದೆ. "ಹೊಸ ಪ್ಲಾಸ್ಟರ್ ಸಾರ್, ಒಂದು ಮಳೆಗಾಲ ಹಾಗೇ." ಮತ್ತೆ ಮಾಡಿದೆ. "ಅದು ಲೀಕೇಜ್ ಅಲ್ಲ ಸಾರ್, ಡ್ಯಾಂಪು." ಮೂರನೇ ಸಲ ಗ್ಯಾರಂಟಿ ಕಾರ್ಡ್ ಕೈಯಲ್ಲಿ ಹಿಡಿದುಕೊಂಡೇ ಮಾಡಿದೆ. "ಗ್ಯಾರಂಟಿ ಕೆಮಿಕಲ್‌ಗೆ ಸಾರ್, ನಿಮ್ಮ ಗೋಡೆಗಲ್ಲ." ನಿಮ್ಮ ಗೋಡೆಗಲ್ಲ! ಹಾಗಾದ್ರೆ ಡಬ್ಬದಲ್ಲೇ ಇಟ್ಟುಕೊಂಡಿದ್ದರೆ ಆಗುತ್ತಿತ್ತಲ್ಲ. ಬಿಲ್ ಆದರೂ ಕೊಡು ಅಂದರೆ, "ಜಿಎಸ್‌ಟಿ ಸೇರಿಸಿದರೆ ನಿಮಗೇ ಜಾಸ್ತಿ ಆಗುತ್ತೆ ಅಂತ ಮಾಡಿಲ್ಲ." ನನ್ನ ಮೇಲೆ ಎಷ್ಟು ಕಾಳಜಿ ನೋಡಿ.

ಬೇಸಿಗೆಯಲ್ಲಿ ಬಂದು ರೇಟು ಹೇಳುವವರನ್ನು ನಂಬಬೇಡಿ. ಮನೆ ಹಿಂದೆ ಹೋಗಿ ಧರೆ ನೋಡದೆ ಒಳಗೇ ಟೇಪ್ ಹಿಡಿದು ಅಳೆಯಲು ಶುರು ಮಾಡಿದರೆ ಕಾಫಿ ಕೊಟ್ಟು ಕಳಿಸಿ, ಕಾಫಿನೂ ಬೇಡ. ಅರ್ಧ ದುಡ್ಡು ಪುಷ್ಯ ಮಳೆ ಮುಗಿಯೋವರೆಗೆ ನಿಮ್ಮ ಹತ್ತಿರವೇ ಇರಲಿ. ನಾನಂತೂ ದೀಪಾವಳಿ ಆದ ಮೇಲೆ ಕಾಲುವೆ ತೆಗೆಸುತ್ತೇನೆ. ಈಗ ಧರೆ ಬುಡ ಕೆದಕಿದರೆ ಮಣ್ಣೆಲ್ಲ ಮನೆ ಮೇಲೇ ಬರುತ್ತೆ.

ನಿನ್ನೆ ಅವನ ವಾಟ್ಸಾಪ್ ಸ್ಟೇಟಸ್ ನೋಡಿದೆ. ನಮ್ಮನೆ ಗೋಡೆ, ಅದೇ ಬಕೆಟ್, ಪಕ್ಕದಲ್ಲಿ ಹಲ್ಲು ಕಿರಿಯುತ್ತಿರುವ ನಾನು.