ಸೀರ್ ಎಕ್ಸ್‌ಪ್ಲೋರರ್: ಜನಾಂಗವಾರು ಕ್ಯಾನ್ಸರ್ ಅಂಕಿಅಂಶಗಳಲ್ಲಿ ಭಾರತೀಯರು ಎಲ್ಲಿ?

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ‘ಸೀರ್ ಎಕ್ಸ್‌ಪ್ಲೋರರ್’ ಜಾಲತಾಣವು ಯಾವ ಕ್ಯಾನ್ಸರ್ ಯಾವ ಜನಾಂಗದಲ್ಲಿ ಎಷ್ಟು ಕಾಣಿಸಿಕೊಳ್ಳುತ್ತದೆ ಎಂಬುದನ್ನು ಶುಲ್ಕವಿಲ್ಲದೆ, ಖಾತೆ ತೆರೆಯುವ ಗೊಡವೆಯೂ ಇಲ್ಲದೆ ತೋರಿಸುತ್ತದೆ. ಇದಕ್ಕೆ ಆಧಾರವಾದ ನೋಂದಣಿ ವ್ಯವಸ್ಥೆ 1973ರಲ್ಲಿ ಆರಂಭವಾಗಿದ್ದು, ಇಂದು ಆ ದೇಶದ ಜನಸಂಖ್ಯೆಯ ಅರ್ಧಕ್ಕೆ ಸಮೀಪದ ಭಾಗ ಅದರ ವ್ಯಾಪ್ತಿಯಲ್ಲಿದೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದರಿಂದ ಎಷ್ಟು ಪ್ರಯೋಜನವಿದೆ ಎಂಬುದೇ ಈ ವಿಮರ್ಶೆಯ ಮುಖ್ಯ ಪ್ರಶ್ನೆ.

ಬಳಕೆಯ ದೃಷ್ಟಿಯಿಂದ ದೂರಲು ಹೆಚ್ಚೇನಿಲ್ಲ. ಕ್ಯಾನ್ಸರಿನ ಬಗೆ, ಲಿಂಗ, ವಯಸ್ಸು, ಜನಾಂಗಗಳನ್ನು ಆರಿಸಿದರೆ ರೇಖಾಚಿತ್ರ ಮೂಡುತ್ತದೆ. ದರಗಳನ್ನು ಲಕ್ಷ ಜನರಿಗೆ ಇಷ್ಟು ಎಂದು, 2000ನೇ ಇಸವಿಯ ಅಮೆರಿಕದ ವಯೋರಚನೆಗೆ ಹೊಂದಿಸಿ ಕೊಡುವುದರಿಂದ, ಯುವಜನರೇ ಹೆಚ್ಚಿರುವ ವಲಸಿಗ ಸಮುದಾಯವನ್ನು ವೃದ್ಧರು ಹೆಚ್ಚಿರುವ ಸಮುದಾಯದೊಡನೆ ಹೋಲಿಸಿದರೂ ಅನ್ಯಾಯವಾಗುವುದಿಲ್ಲ.

ಹೊಸ ಪ್ರಕರಣಗಳ ದರವನ್ನೂ ಸಾವಿನ ದರವನ್ನೂ ಒಂದೇ ಕಡೆ ನೋಡಬಹುದಾದದ್ದು ಈ ತಾಣದ ದೊಡ್ಡ ಗುಣ. ಸ್ತನ ಕ್ಯಾನ್ಸರ್ ಕಪ್ಪು ಮಹಿಳೆಯರಲ್ಲಿ ಬಿಳಿಯರಿಗಿಂತ ತುಸು ಕಡಿಮೆ ಪತ್ತೆಯಾಗುತ್ತದೆ. ಆದರೆ ಅದರಿಂದಾಗುವ ಸಾವಿನ ದರ ಅವರಲ್ಲಿ ಸುಮಾರು ಶೇ. 40ರಷ್ಟು ಹೆಚ್ಚು. ಮೊದಲನೆಯದನ್ನಷ್ಟೇ ಓದಿದವರು ಎರಡನೆಯದನ್ನು ಊಹಿಸಲಾರರು. ರೋಗ ಪತ್ತೆಯಾಗುವ ಹಂತ, ಚಿಕಿತ್ಸೆಯ ಲಭ್ಯತೆ, ಗೆಡ್ಡೆಯ ಬಗೆ ಎಲ್ಲವೂ ಈ ಅಂತರದ ಹಿಂದಿವೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಾದರೋ ಕಪ್ಪು ಪುರುಷರಲ್ಲಿ ಪ್ರಕರಣಗಳೂ ಹೆಚ್ಚು, ಸಾವಿನ ದರವೂ ಬಿಳಿಯರದಕ್ಕಿಂತ ಸುಮಾರು ಎರಡು ಪಟ್ಟು. ಮೂಲನಿವಾಸಿಗಳ ಅಂಕಿಗಳಲ್ಲಿ ತೋರಿರುವ ಎಚ್ಚರವನ್ನೂ ಮೆಚ್ಚಬೇಕು: ಆಸ್ಪತ್ರೆಯ ದಾಖಲೆಗಳಲ್ಲಿ ಅವರನ್ನು ಬಿಳಿಯರೆಂದು ಬರೆದುಕೊಳ್ಳುವುದು ಸಾಮಾನ್ಯವಾದ್ದರಿಂದ, ಅವರಿಗಾಗಿಯೇ ಇರುವ ಆರೋಗ್ಯ ಸೇವೆಯ ದಾಖಲೆಗಳೊಡನೆ ತಾಳೆ ನೋಡಿ ತಪ್ಪನ್ನು ಸರಿಪಡಿಸಲಾಗುತ್ತದೆ.

ಇಷ್ಟು ಸೂಕ್ಷ್ಮವಾಗಿ ಯೋಚಿಸಿದವರು ‘ಏಷ್ಯನ್/ಪೆಸಿಫಿಕ್ ದ್ವೀಪವಾಸಿ’ ಎಂಬ ಒಂದೇ ಗುಂಪಿಗೆ ತೃಪ್ತರಾಗಿರುವುದು ನನಗೆ ಅರ್ಥವಾಗದ ಸಂಗತಿ. ಕೊರಿಯನ್ನರಲ್ಲಿ ಜಠರದ ಕ್ಯಾನ್ಸರ್ ಬಹಳ ಹೆಚ್ಚು, ಭಾರತೀಯರಲ್ಲಿ ಕಡಿಮೆ. ವಿಯೆಟ್ನಾಮೀಯರನ್ನು ಹೆಪಟೈಟಿಸ್ ಬಿ ಸೋಂಕಿನಿಂದ ಬರುವ ಯಕೃತ್ತಿನ ಕ್ಯಾನ್ಸರ್ ಕಾಡುತ್ತದೆ. ದಕ್ಷಿಣ ಚೀನಾ ಮೂಲದವರಲ್ಲಿ ಮೂಗಿನ ಹಿಂಭಾಗದ ಗಂಟಲಿನ ಕ್ಯಾನ್ಸರ್ ಎದ್ದು ಕಾಣುತ್ತದೆ. ಹವಾಯಿಯ ಮೂಲನಿವಾಸಿ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ದರ ಬಿಳಿಯರದನ್ನೂ ಮೀರುತ್ತದೆ. ಇವರೆಲ್ಲರನ್ನೂ ಕೂಡಿಸಿ ತೆಗೆದ ಸರಾಸರಿ ಇವರಲ್ಲಿ ಯಾರದ್ದೂ ಅಲ್ಲ. ನ್ಯೂಜೆರ್ಸಿಯ ಕನ್ನಡಿಗ ಕುಟುಂಬವೊಂದು ಜಠರದ ಕ್ಯಾನ್ಸರಿನ ರೇಖೆ ನೋಡಿ ಗಾಬರಿಯಾದರೆ ಅದಕ್ಕೆ ಕಾರಣ ಬಹುಮಟ್ಟಿಗೆ ಬೇರೆಯವರ ರೋಗ.

ಮೂಲ ಮಾಹಿತಿಯೇ ಇಲ್ಲವೆಂದು ಹೇಳುವಂತಿಲ್ಲ. 2010ರಿಂದ ನೋಂದಣಿಗಳಲ್ಲಿ ಭಾರತೀಯರಿಗೂ ಪಾಕಿಸ್ತಾನಿಯರಿಗೂ ಬೇರೆ ಬೇರೆ ಸಂಕೇತಗಳಿವೆ. ತೊಡಕಿರುವುದು ಛೇದದಲ್ಲಿ: ದರ ಲೆಕ್ಕ ಹಾಕಲು ರೋಗಿಗಳ ಸಂಖ್ಯೆ ಸಾಲದು, ಆ ಉಪಗುಂಪಿನ ಒಟ್ಟು ಜನಸಂಖ್ಯೆ ವಯಸ್ಸಿನ ಪ್ರಕಾರ ವರ್ಷವರ್ಷವೂ ಬೇಕು.

ಈ ರೇಖೆಗಳನ್ನು ರಕ್ತದ ಗುಣವೆಂದು ಓದುವ ಅಪಾಯವೂ ಇದೆ. ಜಪಾನಿನಿಂದ ಹವಾಯಿಗೆ ಹೋದವರ ಮುಂದಿನ ತಲೆಮಾರುಗಳಲ್ಲಿ ಜಠರದ ಕ್ಯಾನ್ಸರ್ ಇಳಿದು, ಸ್ತನ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್‌ಗಳು ಏರಿದವು. ವಂಶ ಬದಲಾಗಲಿಲ್ಲ, ಬದುಕುವ ರೀತಿ ಬದಲಾಯಿತು. ಆದ್ದರಿಂದ 1982ರಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನಡೆಯುತ್ತಿರುವ ಜನಸಂಖ್ಯಾಧಾರಿತ ನೋಂದಣಿಯ ಅಂಕಿಗಳೂ ಅಮೆರಿಕದಲ್ಲಿ ಬೆಳೆದ ಮಕ್ಕಳಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಜನಾಂಗದ ಜೊತೆಗೆ ಹುಟ್ಟಿದ ದೇಶವನ್ನೂ ಆರಿಸುವ ಅವಕಾಶವಿದ್ದಿದ್ದರೆ ಚೆನ್ನಾಗಿತ್ತು, ಅದು ಇಲ್ಲಿಲ್ಲ.

ವೈದ್ಯಕೀಯ ವಿದ್ಯಾರ್ಥಿಗಳಿಗೂ ಪತ್ರಕರ್ತರಿಗೂ ಈ ತಾಣವನ್ನು ಹಿಂಜರಿಯದೆ ಸೂಚಿಸುತ್ತೇನೆ. ತಮ್ಮ ಅಪಾಯವೆಷ್ಟು ಎಂದು ತಿಳಿಯಬಯಸುವ ಭಾರತೀಯ ಮೂಲದವರು ಮಾತ್ರ ಇದನ್ನು ನೆಚ್ಚದೆ, ಕುಟುಂಬದ ರೋಗಚರಿತ್ರೆಯನ್ನು ವೈದ್ಯರ ಮುಂದಿಡುವುದು ಒಳ್ಳೆಯದು. ಪ್ರತಿವರ್ಷದ ರೇಖೆ ಸಾಧ್ಯವಾಗದಿದ್ದರೂ, ಐದು ವರ್ಷಗಳ ಪ್ರಕರಣಗಳನ್ನು ಒಟ್ಟುಗೂಡಿಸಿ ಪ್ರತಿ ಉಪಗುಂಪಿಗೆ ಒಂದೊಂದು ದರ ಕೊಟ್ಟರೆ ಈ ಸಲಹೆಯನ್ನು ಬದಲಿಸಬಹುದು.